ಮಲೆನಾಡಿನ ದಾರಿಗೆ ಫುಲ್ ಸಸ್ಪೆನ್ಷನ್ ಸೈಕಲ್: 130 ಮಿ.ಮೀ. ಸಾಕೇ, 150 ಬೇಕೇ?

ತೀರ್ಥಹಳ್ಳಿ ಸವಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮುಂದೆ ಮಾತ್ರ 100 ಮಿ.ಮೀ. ಕುಸಿಯುವ ಶಾಕ್ ಇರುವ ಹಾರ್ಡ್‌ಟೇಲ್ ಸೈಕಲ್ಲನ್ನು ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಈಗ ಹಿಂದೆಯೂ ಶಾಕ್ ಇರುವ ಟ್ರೈಲ್ ಸೈಕಲ್ ಕೊಳ್ಳುವ ಮನಸ್ಸಾಗಿದೆ. ನನ್ನ ಎತ್ತರ 168 ಸೆಂ.ಮೀ., ತೂಕ 74 ಕೆ.ಜಿ. ಹೆಲ್ಮೆಟ್, ಮೊಣಕಾಲಿನ ಪ್ಯಾಡ್ ಮೊದಲಾದವನ್ನು ಬಿಟ್ಟು, ಸೈಕಲ್ಲಿಗೆಂದೇ ಎರಡೂವರೆ ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ.

ನನ್ನ ಸವಾರಿ ಬಹುಪಾಲು ಕವಲೇದುರ್ಗ, ಆಗುಂಬೆ ಕಡೆಯ ಮಣ್ಣುರಸ್ತೆಗಳಲ್ಲಿ, ಅಡಿಕೆ ತೋಟಕ್ಕೆ ಇಳಿಯುವ ಕಡಿದಾದ ಗಾಡಿದಾರಿಗಳಲ್ಲಿ ಮತ್ತು ಅಕೇಶಿಯಾ ನೆಡುತೋಪುಗಳ ನಡುವಿನ ಕಾಲುದಾರಿಗಳಲ್ಲಿ ನಡೆಯುತ್ತದೆ. ಮಳೆನೀರು ಕೊರೆದ ಕೊರಕಲು, ತಲೆಯೆತ್ತಿ ನಿಂತ ಜಂಬಿಟ್ಟಿಗೆ, ಅಡ್ಡ ಹಾಯ್ದ ಬೇರು ಇವೇ ನಮ್ಮ ಸಾಮಾನ್ಯ ಅಡೆತಡೆಗಳು. ಆಳೆತ್ತರದಿಂದ ಹಾರುವಂಥ ಜಾಗಗಳಿಲ್ಲ, ಹಾರುವ ವಯಸ್ಸೂ ನನ್ನದಲ್ಲ. ಇಳಿದಷ್ಟನ್ನೂ ತುಳಿದೇ ಹತ್ತಬೇಕು. ಜಯಂಟ್ ಸ್ಟಾನ್ಸ್ 29 (ಹಿಂದೆ 120, ಮುಂದೆ 130), 2021ರ ಮಾದರಿಯ ಜಯಂಟ್ ಟ್ರಾನ್ಸ್ ಎಕ್ಸ್ 29 (135 ಮತ್ತು 150), ಟ್ರೆಕ್ ಫ್ಯುಯೆಲ್ ಇಎಕ್ಸ್‌ನ ಐದನೆಯ ಪೀಳಿಗೆ (130 ಮತ್ತು 140) ಇವು ನನ್ನ ಪಟ್ಟಿಯಲ್ಲಿವೆ. ಕೊನೆಯ ಎರಡು ನನ್ನ ಬೆಲೆಗೆ ಸಿಗುವುದಾದರೆ ಸೆಕೆಂಡ್ ಹ್ಯಾಂಡ್ ಮಾತ್ರ. ಅಂಗಡಿಯವರೊಬ್ಬರು, ಮಲೆನಾಡು ಎಂದಮೇಲೆ 150ಕ್ಕಿಂತ ಕಡಿಮೆ ನೋಡಲೇಬೇಡಿ ಎಂದರು. ತಿಳಿದವರು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ಸಾಗರದ ಪಾನಾ:

ಅಂಗಡಿಯವರು ಹೇಳಿದ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. 130 ಬೇಕೋ 150 ಬೇಕೋ ಎಂಬುದು ನಮ್ಮ ಕಡೆಯ ಮಟ್ಟಿಗೆ ಎರಡನೆಯ ಪ್ರಶ್ನೆ. ಸೈಕಲ್ಲಿನ ಹಿಂಭಾಗದಲ್ಲಿ ಎಷ್ಟು ಕೀಲುಗಳಿವೆ, ಅವುಗಳ ಬೇರಿಂಗ್ ಎಲ್ಲಿ ಸಿಗುತ್ತದೆ, ಬಿಚ್ಚಿ ಮತ್ತೆ ಕೂರಿಸುವವರು ಯಾರು ಎಂಬುದು ಮೊದಲನೆಯದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ತಮ್ಮ ಸವಾರಿ ಅದರ ಆಸುಪಾಸಿನಲ್ಲೇ ಇರುವುದರಿಂದ, ಒಣ ಊರಿನಲ್ಲಿ ಮೂರ್ನಾಲ್ಕು ವರ್ಷ ಬರುವ ಬೇರಿಂಗ್ ತಮ್ಮಲ್ಲಿ ಒಂದೆರಡು ಮಳೆಗಾಲಕ್ಕೇ ಕರಕರ ಎನ್ನತೊಡಗಬಹುದು.

ಜೂನ್-ಜುಲೈಯಲ್ಲಿ ಓಡಿಸಿ ಬಂದ ಸೈಕಲ್ಲನ್ನು ತಲೆಕೆಳಗು ಮಾಡಿ ನೋಡಿ. ಪೆಡಲಿನ ಅಚ್ಚಿನ ಹಿಂದೆ, ಹಿಂದಿನ ಚಕ್ರದ ಎರಡು ಕೊಳವೆಗಳು ಬಂದು ಸೇರುವ ಸಂದಿಯಲ್ಲಿ, ಕೆಮ್ಮಣ್ಣು ಮೆತ್ತಿ ಅದರ ಮೇಲೆ ಅಕೇಶಿಯಾದ ಎಲೆ ಪದರ ಪದರವಾಗಿ ಅಂಟಿರುತ್ತದೆ. ಜಂಬಿಟ್ಟಿಗೆಯ ಸಣ್ಣ ಹರಳುಗಳಿರುವ ಆ ಕೆಸರು ಮುಖ್ಯ ಕೀಲಿನ ಬಾಯಿಗೇ ತಾಗಿಕೊಂಡಿರುವುದರಿಂದ, ಪ್ರತಿ ಬಾರಿ ಶಾಕ್ ಕುಸಿದೆದ್ದಾಗಲೂ ಬೇರಿಂಗಿನ ರಬ್ಬರ್ ಸೀಲನ್ನು ಸವೆಸುತ್ತದೆ. ಇದನ್ನು ತೊಳೆಯಲು ವಾಟರ್ ಸರ್ವಿಸ್ ಅಂಗಡಿಗೆ ಒಯ್ಯುವವರಿದ್ದಾರೆ. ಆ ಗನ್ನಿನ ಒತ್ತಡಕ್ಕೆ ನೀರು ಸೀಲನ್ನು ದಾಟಿ ಒಳಗಿನ ಗ್ರೀಸನ್ನೇ ಹೊರಹಾಕುತ್ತದೆ. ಬಕೆಟ್, ಮೆತ್ತನೆಯ ಬ್ರಶ್ಶು, ಬಟ್ಟೆ ಇಷ್ಟು ಸಾಕು.

ಈ ದೃಷ್ಟಿಯಿಂದ ಸ್ಟಾನ್ಸ್ ಕೆಟ್ಟ ಆಯ್ಕೆಯಲ್ಲ. ಅದರಲ್ಲಿ ಹಿಂದಿನ ಚಕ್ರದ ಅಚ್ಚಿನ ಬಳಿ ಕೀಲೇ ಇಲ್ಲ. ಅಲ್ಯೂಮಿನಿಯಂ ಕೊಳವೆಯೇ ಸ್ವಲ್ಪ ಬಾಗಿ ಆ ಕೆಲಸ ಮಾಡುತ್ತದೆ. ಅಷ್ಟರಮಟ್ಟಿಗೆ ಹಾಳಾಗುವ ವಸ್ತು ಕಡಿಮೆ. ಟ್ರಾನ್ಸ್ ಎಕ್ಸ್‌ನ ಮೇಸ್ಟ್ರೋ ರಚನೆಯಲ್ಲಿ ಎರಡು ಕೊಂಡಿ, ನಾಲ್ಕು ಕೀಲು; ಟ್ರೆಕ್‌ನವರು ಹಿಂದಿನ ಅಚ್ಚಿನ ಸುತ್ತಲೇ ಒಂದು ಕೀಲು ಕೂರಿಸಿದ್ದಾರೆ. ಈ ಎರಡರಲ್ಲೂ ಬ್ರೇಕ್ ಹಿಡಿದಾಗ ಹಿಂಭಾಗ ಬಿಗಿಯಾಗದೆ ಕಲ್ಲಿನ ಮೇಲೆ ಮೆತ್ತಗೆ ಸಾಗುತ್ತದೆ ಎಂಬುದು ನಿಜವೇ. ಆದರೆ ಆ ಸುಖಕ್ಕೆ ಪ್ರತಿಯಾಗಿ ನಿರ್ವಹಣೆಯ ಕೆಲಸ ಹೆಚ್ಚುತ್ತದೆ. ಯಾವುದನ್ನೇ ಕೊಂಡರೂ ಕೀಲುಗಳ ಬೇರಿಂಗ್ ಸಂಖ್ಯೆಗಳನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. 6900, 6902 ಮೊದಲಾದ ಸಾಮಾನ್ಯ ಸಂಖ್ಯೆಗಳಾದರೆ, ಎರಡೂ ಕಡೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಬಗೆಯದನ್ನು ದೊಡ್ಡ ಬೇರಿಂಗ್ ಅಂಗಡಿಯವರು ತರಿಸಿಕೊಡಬಲ್ಲರು, ಸೈಕಲ್ ಕಂಪನಿಯನ್ನೇ ಕಾಯಬೇಕಾಗಿಲ್ಲ.

ಬ್ರೇಕಿನ ಬಗ್ಗೆ ಯಾರೂ ಹೇಳದ ಒಂದು ವಿಷಯವಿದೆ. ಮಳೆಯಲ್ಲಿ ರೆಸಿನ್ ಪ್ಯಾಡುಗಳು ಬೇಗ ಸವೆಯುತ್ತವೆ, ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡುಗಳು ಹೆಚ್ಚು ದಿನ ಬರುತ್ತವೆ. ಆದರೆ ಕಡಿಮೆ ದರ್ಜೆಯ ಕೆಲವು ಡಿಸ್ಕುಗಳ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಅಚ್ಚಾಗಿರುತ್ತದೆ, ಅವುಗಳ ಮೇಲೆ ಸಿಂಟರ್ಡ್ ಪ್ಯಾಡ್ ಹಾಕುವಂತಿಲ್ಲ. ಅಂಗಡಿಯಲ್ಲಿ ಸೈಕಲ್ಲಿನ ಬಣ್ಣ ನೋಡುವ ಮೊದಲು ಡಿಸ್ಕಿನ ಮೇಲಿನ ಆ ಸಣ್ಣ ಅಕ್ಷರಗಳನ್ನು ಓದಿ.

ಗಾಜನೂರು ಕಡೆಯವ:

ಸಾಗರದವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಕೀಲು ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಸೈಕಲ್ ಆರಿಸುವುದನ್ನು ಒಪ್ಪಲಾರೆ. ಬೇರಿಂಗನ್ನು ಬದಲಿಸಬಹುದು, ಫ್ರೇಮಿನ ಅಳತೆಯನ್ನು ಬದಲಿಸಲಾಗದು. ತಾವು ಇಳಿದಷ್ಟನ್ನೂ ಹತ್ತಬೇಕು ಎಂದಿರುವುದರಿಂದ ಸೀಟಿನ ಕೊಳವೆಯ ಕೋನವನ್ನು ಮೊದಲು ನೋಡಬೇಕು. ಕಡಿದಾದ ಏರಿನಲ್ಲಿ ಸವಾರನ ಭಾರ ಹಿಂದಕ್ಕೆ ಸರಿದು ಹಿಂದಿನ ಶಾಕ್ ಇನ್ನಷ್ಟು ಕುಸಿಯುತ್ತದೆ. ಕುಸಿದಂತೆ ಸೀಟು ಮತ್ತೂ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಅಲೆಯತೊಡಗುತ್ತದೆ. ಹಾರ್ಡ್‌ಟೇಲಿನಲ್ಲಿ ಇದು ತಮ್ಮ ಅನುಭವಕ್ಕೆ ಇಷ್ಟಾಗಿ ಬಂದಿರಲಾರದು. ಆದ್ದರಿಂದ ಹಿಂದೆ ಶಾಕ್ ಇರುವ ಸೈಕಲ್ಲಿನಲ್ಲಿ ಈ ಕೋನ 76 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಮ್ಮ ಏರುಗಳಲ್ಲಿ ಸೊಂಟಕ್ಕೂ ಮೊಣಕಾಲಿಗೂ ಹಿತ.

ತಮ್ಮ ಎತ್ತರಕ್ಕೆ ಬಹುತೇಕ ಕಂಪನಿಗಳ ಮೀಡಿಯಂ ಗಾತ್ರ ಹೊಂದುತ್ತದೆ, ಆದರೆ ಒಂದು ಕಂಪನಿಯ ಮೀಡಿಯಂ ಇನ್ನೊಂದರದ್ದಕ್ಕೆ ಸಮವಲ್ಲ. ರೀಚ್ (ಪೆಡಲಿನ ಅಚ್ಚಿನಿಂದ ಹ್ಯಾಂಡಲ್ ಕೂರುವ ಕೊಳವೆಯ ಮೇಲ್ತುದಿಯವರೆಗಿನ ಅಡ್ಡ ದೂರ) ಎಂದು ಕೊಟ್ಟಿರುವ ಅಳತೆ 440ರಿಂದ 455 ಮಿ.ಮೀ. ನಡುವೆ ಇದೆಯೇ ನೋಡಿ. ಸೀಟಿನ ಕೊಳವೆ ಗಿಡ್ಡವಾಗಿದ್ದು 150 ಮಿ.ಮೀ. ಡ್ರಾಪರ್ ಪೋಸ್ಟ್ (ಓಡಿಸುವಾಗಲೇ ಸೀಟನ್ನು ಇಳಿಸಿ ಏರಿಸುವ ಕಂಬ) ಪೂರ್ತಿ ಒಳಗಿಳಿಯಬೇಕು. ತೋಟದ ಧರೆಯಿಂದ ಇಳಿಯುವಾಗ ಸೀಟು ಹೊಟ್ಟೆಗೆ ಒತ್ತುತ್ತಿದ್ದರೆ ಎಷ್ಟು ಟ್ರಾವೆಲ್ (ಶಾಕ್ ಕುಸಿಯುವ ದೂರ) ಇದ್ದೂ ಉಪಯೋಗವಿಲ್ಲ. ಮುಂದಿನ ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ, ಶಾಕ್ ಇರುವ ಕವಲು) ಕೋನ 65-66 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಕಡಿದಾದ ಇಳಿಜಾರಿನಲ್ಲಿ ಧೈರ್ಯ ಬರುತ್ತದೆ, ತೋಟದ ಕಿರಿದಾದ ತಿರುವಿನಲ್ಲಿ ತೀರಾ ಒಡ್ಡೊಡ್ಡಾಗಿಯೂ ಇರುವುದಿಲ್ಲ. 29 ಇಂಚಿನ ಚಕ್ರ ಕೊರಕಲುಗಳ ಮೇಲೆ ಸರಾಗವಾಗಿ ಉರುಳುತ್ತದೆ, 168 ಸೆಂ.ಮೀ. ಎತ್ತರದವರಿಗೆ ಅದು ದೊಡ್ಡದಾಗುವುದಿಲ್ಲ.

ಟ್ರಾವೆಲ್ ಬಗ್ಗೆ ಹೇಳುವುದಾದರೆ ಹಿಂದೆ 130, ಮುಂದೆ 140 ತಮಗೆ ಸರಿಯಾದ ಜಾಗ. ಸೈಕಲ್ಲನ್ನು ಜೀಪಿನಲ್ಲಿ ಗುಡ್ಡದ ನೆತ್ತಿಗೆ ಏರಿಸಿಕೊಂಡು ಬರೀ ಇಳಿಯುವವರಿಗೆ 150-160 ಬೇಕಾದೀತು. ತಾವು ಎರಡು ಗಂಟೆ ತುಳಿದು ಇಪ್ಪತ್ತು ನಿಮಿಷ ಇಳಿಯುವವರು. ಉಳಿದ ಸಮಯವೆಲ್ಲ ಆ ಹೆಚ್ಚುವರಿ ತೂಕವನ್ನೂ ತೂಗಾಟವನ್ನೂ ಎಳೆಯಬೇಕಾಗುತ್ತದೆ. ಅಲ್ಯೂಮಿನಿಯಂ ಟ್ರೈಲ್ ಸೈಕಲ್ಲುಗಳೇ 15 ಕೆ.ಜಿ. ಆಸುಪಾಸು ತೂಗುತ್ತವೆ. ಕೊಡಚಾದ್ರಿಯ ಜೀಪ್ ದಾರಿಯ ಚಿತ್ರ ನೋಡಿ ಯಾರೂ ದೊಡ್ಡ ಟ್ರಾವೆಲ್ ಕೊಳ್ಳಬಾರದು. ಅದು ಮೂಕಾಂಬಿಕಾ ಅಭಯಾರಣ್ಯದೊಳಗಿನ ದಾರಿ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಸೈಕಲ್ ಇಳಿಸುವಂತಿಲ್ಲ. ಇತ್ತ ಶೆಟ್ಟಿಹಳ್ಳಿ ಅಭಯಾರಣ್ಯಕ್ಕೂ ಅದೇ ಮಾತು.

ಟೈರಿನ ಅಗಲ 2.4 ಇಂಚು ಸಾಕು. 2.6 ಹಾಕಿಕೊಂಡರೆ ಕೆಸರು ಹೊರಬೀಳಲು ಸಂದಿಯೇ ಉಳಿಯದೆ ಚಕ್ರ ಕಟ್ಟಿಕೊಳ್ಳುತ್ತದೆ. ಟ್ಯೂಬ್‌ಲೆಸ್ ಮಾಡಿಸಲೇಬೇಕು, ಬಿದಿರು ಮುಳ್ಳಿಗೆ ಬೇರೆ ಮದ್ದಿಲ್ಲ. ತೂತು ಮುಚ್ಚಲು ಒಳಗೆ ಹಾಕುವ ಸೀಲೆಂಟ್ ದ್ರವ ಬೇಸಿಗೆಯಲ್ಲಿ ಬೇಗ ಒಣಗುವುದರಿಂದ ಎರಡು-ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಿ. ಹಾವಸೆ ಕಟ್ಟಿದ ಕಲ್ಲಿನ ಮೇಲೆ ಮಾತ್ರ ಯಾವ ಟೈರೂ ನಿಲ್ಲುವುದಿಲ್ಲ, ಅಲ್ಲಿ ಇಳಿದು ನಡೆಯಿರಿ.

ಹೊಸನಗರದ ಹಳಬ:

ನನ್ನದು ತಗಾದೆಯ ಮಾತು, ಕ್ಷಮೆಯಿರಲಿ. ವರ್ಷದಲ್ಲಿ ನಾಲ್ಕು ತಿಂಗಳು ಕೆಸರು, ಸರ್ವಿಸ್‌ಗೆ ಬೆಂಗಳೂರಿಗೆ ಓಡಬೇಕಾದ ಊರು, ಹಾರುವ ಉದ್ದೇಶವಿಲ್ಲದ ಸವಾರ: ಹೀಗಿರುವಾಗ ಹಿಂದಿನ ಶಾಕ್ ಯಾಕೆ ಬೇಕು? ಅರ್ಧ ಹಣಕ್ಕೆ 130 ಮಿ.ಮೀ. ಒಳ್ಳೆಯ ಫೋರ್ಕ್, ನಾಲ್ಕು ಪಿಸ್ಟನ್ ಬ್ರೇಕ್, ಡ್ರಾಪರ್ ಇರುವ ಹೊಸ ಕಾಲದ ಹಾರ್ಡ್‌ಟೇಲ್ ಸಿಗುತ್ತದೆ. ತಮ್ಮ ಹಳೆಯ ಸೈಕಲ್ ಕಷ್ಟ ಕೊಡುತ್ತಿರುವುದು ಹಿಂದೆ ಶಾಕ್ ಇಲ್ಲದ್ದಕ್ಕಲ್ಲ, ಅದರ ಫೋರ್ಕ್ ನೆಟ್ಟಗೆ ನಿಂತಿರುವುದಕ್ಕೆ ಎಂದು ನನ್ನ ಅನುಮಾನ.

ತೀರ್ಥಹಳ್ಳಿ ಸವಾರ:

ಹಳಬರೇ, ತಮ್ಮ ಅನುಮಾನದಲ್ಲಿ ಹುರುಳಿದೆ. ಆದರೆ ಕೊರಕಲಿನ ಉದ್ದನೆಯ ಇಳಿಜಾರು ಮುಗಿಯುವಷ್ಟರಲ್ಲಿ ಬೆನ್ನಿನ ಕೆಳಭಾಗ ಹಿಡಿದುಕೊಳ್ಳುತ್ತಿದೆ, ಈ ನಿರ್ಧಾರಕ್ಕೆ ಅದೇ ಮುಖ್ಯ ಕಾರಣ. ಆದ್ದರಿಂದ ಹಿಂದಿನ ಶಾಕ್ ಬೇಕೇಬೇಕು. ಹೊಸ ಸ್ಟಾನ್ಸ್ ಒಳ್ಳೆಯದೋ, ಅದೇ ಹಣಕ್ಕೆ ಸೆಕೆಂಡ್ ಹ್ಯಾಂಡ್ ಫ್ಯುಯೆಲ್ ಇಎಕ್ಸ್ ಒಳ್ಳೆಯದೋ ಎಂಬುದಷ್ಟೇ ಈಗ ಉಳಿದಿದೆ.

ಬೆಂಗಳೂರಿನಲ್ಲಿರುವ ಮಲೆನಾಡಿಗ:

ಹಣದ ಕಡೆಯಿಂದ ನೋಡೋಣ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅಂತರ್ಜಾಲದಲ್ಲಿ ಹಳೆಯ ದರಪಟ್ಟಿಗಳು ಇನ್ನೂ ಓಡಾಡುತ್ತಿರುವುದರಿಂದ, ಹೇಳಿದ ಬೆಲೆ ಹೊಸ ತೆರಿಗೆಯದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಹಿಂದೆ ಇದೇ ಹಳೆಯ ಬೆಲೆಯನ್ನು ನೋಡಿ ಸೆಕೆಂಡ್ ಹ್ಯಾಂಡ್ ದರ ನಿಗದಿ ಮಾಡಿದ ಮಾರಾಟಗಾರರೂ ಈಗ ಒಂದಿಷ್ಟು ಇಳಿಯಬೇಕು.

ಸೆಕೆಂಡ್ ಹ್ಯಾಂಡ್ ಸೈಕಲ್ಲನ್ನು ಚಿತ್ರ ನೋಡಿ ಕೊಳ್ಳಬೇಡಿ. ಎದುರಿಗೆ ನಿಂತು, ಸೀಟಿನ ತುದಿ ಹಿಡಿದು ಹಿಂದಿನ ಚಕ್ರ ನೆಲದಿಂದ ಬಿಟ್ಟೂ ಬಿಡದ ಹಾಗೆ ಮೆಲ್ಲಗೆ ಎತ್ತಿ. ಚಕ್ರ ಏಳುವ ಮೊದಲು ಕೈಗೆ ‘ಟಕ್’ ಎಂದು ತಾಗಿದರೆ ಯಾವುದೋ ಕೀಲು ಅಥವಾ ಶಾಕಿನ ಬುಶ್ ಸಡಿಲವಾಗಿದೆ ಎಂದರ್ಥ. ಬುಶ್ ಆದರೆ ಸಣ್ಣ ಖರ್ಚು; ಮುಖ್ಯ ಕೀಲಾದರೆ ಬೇರಿಂಗ್ ಕೂರುವ ಗೂಡೂ ಸವೆದಿದೆಯೇ ನೋಡಬೇಕು, ಗೂಡು ಸವೆದಿದ್ದರೆ ಕೈ ಮುಗಿದು ಬನ್ನಿ. ಆಮೇಲೆ ಫೋರ್ಕಿನ ಹೊಳೆಯುವ ಕಾಲುಗಳ ಮೇಲೆ ಉಗುರು ಆಡಿಸಿ. ಉಗುರಿಗೆ ಸಿಕ್ಕುವ ಗೀರು ಇದ್ದರೆ ಅಲ್ಲಿಂದ ಎಣ್ಣೆ ಸೋರುತ್ತದೆ. ಬಹುತೇಕ ಕಂಪನಿಗಳ ಫ್ರೇಮ್ ಖಾತರಿ ಮೊದಲ ಖರೀದಿದಾರರಿಗೆ ಮಾತ್ರ ಸಲ್ಲುತ್ತದೆ ಎಂಬುದನ್ನೂ ಬೆಲೆಯಲ್ಲಿ ಲೆಕ್ಕ ಹಾಕಿ.

ಸರ್ವಿಸ್ ಬಗ್ಗೆ ಹೊಸನಗರದವರು ಹೇಳುವಷ್ಟು ಹೆದರಬೇಕಾಗಿಲ್ಲ. ಶಾಕ್ ತಯಾರಿಸುವ ಕಂಪನಿಗಳಲ್ಲಿ ರಾಕ್‌ಶಾಕ್ಸ್‌ನವರು ಫೋರ್ಕಿನ ಕೆಳಗಿನ ಕಾಲುಗಳ ಸರ್ವಿಸ್ 50 ಗಂಟೆಗೊಮ್ಮೆ ಎನ್ನುತ್ತಾರೆ, ಫಾಕ್ಸ್‌ನವರು ಪೂರ್ತಿ ಸರ್ವಿಸ್ 125 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಎನ್ನುತ್ತಾರೆ. ಕೆಳಗಿನ ಕಾಲುಗಳ ಎಣ್ಣೆ ಬದಲಿಸುವುದನ್ನು ಮನೆಯಲ್ಲೇ ಕಲಿಯಬಹುದು. ಹಿಂದಿನ ಶಾಕ್ ಎರಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಸೈಕಲ್ಲನ್ನು ಮನೆಯಲ್ಲೇ ಬಿಟ್ಟು ಶಾಕನ್ನಷ್ಟೇ ಡಬ್ಬಿಯಲ್ಲಿಟ್ಟು ಬಸ್ಸಿನ ಪಾರ್ಸಲ್‌ನಲ್ಲಿ ಬೆಂಗಳೂರಿಗೆ ಕಳಿಸಬಹುದು, ಮಳೆ ಜೋರಿರುವ ಪುಷ್ಯ, ಆಶ್ಲೇಷಾ ಮಳೆಗಳ ದಿನಗಳೇ ಅದಕ್ಕೆ ಸರಿಯಾದ ಹೊತ್ತು. ಇದಕ್ಕಾಗಿಯೇ, ಒಂದೇ ಕಂಪನಿಯ ಸೈಕಲ್ಲಿಗೆಂದು ವಿಶೇಷವಾಗಿ ಮಾಡಿದ ಶಾಕ್ ಇರುವ ಹಳೆಯ ಮಾದರಿಗಳನ್ನು ಬಿಡಿ. 210 × 55 ಮಿ.ಮೀ. (ಶಾಕಿನ ಉದ್ದ ಮತ್ತು ಓಟ) ಮೊದಲಾದ ಸಾಮಾನ್ಯ ಅಳತೆಯದಾದರೆ ಮುಂದೆ ಕೆಟ್ಟರೂ ಬೇರೆ ಹಾಕಬಹುದು. ಗೇರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಯುವ ತುಂಡು) ಕೂಡ 2019ರಲ್ಲಿ ಸ್ರಾಮ್ ಕಂಪನಿ ತಂದ, ಹಲವು ಕಂಪನಿಗಳ ಸೈಕಲ್ಲಿಗೂ ಹೊಂದುವ ಯುಡಿಎಚ್ ಬಗೆಯದಾಗಿದ್ದರೆ ಒಳ್ಳೆಯದು, ಬೇರಿಗೆ ತಾಗಿ ಬಾಗಿದಾಗ ಹುಡುಕಾಟವಿರುವುದಿಲ್ಲ.

ನನ್ನ ಆಯ್ಕೆ ಕೇಳಿದರೆ, ಕೀಲುಗಳು ಬಿಗಿಯಾಗಿದ್ದು ಸರ್ವಿಸ್ ಬಿಲ್ಲುಗಳಿರುವ ಫ್ಯುಯೆಲ್ ಇಎಕ್ಸ್ ಸಿಕ್ಕರೆ ಅದು. ಒಂದು ತಿಂಗಳು ಹುಡುಕಿಯೂ ಸಿಗದಿದ್ದರೆ ಹೊಸ ಸ್ಟಾನ್ಸ್ ಕೊಂಡು, ಉಳಿದ ಹಣದಲ್ಲಿ ಟೈರು, ಡಿಸ್ಕು, ಬ್ರೇಕ್ ಪ್ಯಾಡ್ ಬದಲಿಸಿ. 150ರ ಆಸೆಗೆ ಸವೆದುಹೋದ ಟ್ರಾನ್ಸ್ ಎಕ್ಸ್ ತರಬೇಡಿ.

ತೀರ್ಥಹಳ್ಳಿ ಸವಾರ:

ಎಲ್ಲರಿಗೂ ಧನ್ಯವಾದಗಳು. ಮುಂದಿನ ವಾರ ಬೆಂಗಳೂರಿಗೆ ಹೋಗಿ ಎರಡನ್ನೂ ಓಡಿಸಿ ನೋಡುತ್ತೇನೆ. ಓಡಿಸಿ ನೋಡುವಾಗ ಶಾಕಿನಲ್ಲಿ ಗಾಳಿ ಎಷ್ಟಿರಬೇಕು ಎಂಬುದನ್ನು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ. ಅಂಗಡಿಯವರು ಕೊಟ್ಟ ಹಾಗೇ ಏರಿದರೆ ಹೋಲಿಕೆ ಸರಿಯಾಗಲಾರದು.

ಗಾಜನೂರು ಕಡೆಯವ:

ಗಾಳಿಯನ್ನು ಪಿಎಸ್‌ಐ ಲೆಕ್ಕದಲ್ಲಿ ಹೇಳುವುದಕ್ಕಿಂತ ಸ್ಯಾಗ್ (ಸವಾರನ ಭಾರಕ್ಕೇ ಶಾಕ್ ಕುಸಿಯುವ ಪ್ರಮಾಣ) ಲೆಕ್ಕದಲ್ಲಿ ಹಿಡಿಯಬೇಕು, ಯಾಕೆಂದರೆ ಒಂದೇ ತೂಕಕ್ಕೆ ಒಂದೊಂದು ಫ್ರೇಮಿನಲ್ಲಿ ಒಂದೊಂದು ಒತ್ತಡ ಬೇಕಾಗುತ್ತದೆ. ಹೆಲ್ಮೆಟ್, ಶೂ, ನೀರು ತುಂಬಿದ ಚೀಲ ಎಲ್ಲವನ್ನೂ ಧರಿಸಿ ಸೈಕಲ್ ಏರಿ, ಗೋಡೆಗೆ ಮೊಣಕೈ ತಾಗಿಸಿ ಕುಳಿತು, ಶಾಕಿನ ಮೇಲಿರುವ ರಬ್ಬರ್ ಉಂಗುರವನ್ನು ಸೀಲಿನವರೆಗೆ ಸರಿಸಿ, ಕುಲುಕದೆ ಇಳಿಯಿರಿ. ಉಂಗುರ ಸರಿದ ದೂರ ಶಾಕಿನ ಒಟ್ಟು ಓಟದ ಶೇ. 30ರಷ್ಟಿರಬೇಕು. 55 ಮಿ.ಮೀ. ಓಟದ ಶಾಕ್ ಆದರೆ ಸುಮಾರು 16 ಮಿ.ಮೀ. ಮುಂದಿನ ಫೋರ್ಕಿನಲ್ಲಿ, ಪೆಡಲಿನ ಮೇಲೆ ನಿಂತು ಅಳೆದಾಗ ಶೇ. 20 ಸಾಕು, 140 ಮಿ.ಮೀ. ಫೋರ್ಕಿಗೆ 28, 130ರದ್ದಕ್ಕೆ 26 ಮಿ.ಮೀ. ಎರಡೂ ಸೈಕಲ್ಲುಗಳನ್ನು ಹೀಗೆ ಹೊಂದಿಸಿ, ಟೈರಿನ ಗಾಳಿಯನ್ನೂ ಸಮ ಮಾಡಿಕೊಂಡು ಓಡಿಸಿ. ಅಂಗಡಿಯಲ್ಲಿ ಶಾಕ್ ಪಂಪ್ ಇರುತ್ತದೆ, ಕೇಳಲು ಸಂಕೋಚ ಪಡಬೇಡಿ.