ತೇಲುವ ಜೆಲ್ಲಿ ಮೀನಿಗೆ ಕಡಲ ಕಂಬ ಯಾಕೆ ಬೇಕು?

ಪ್ರಶ್ನೆ: ಸರ್, 2013ರಲ್ಲಿ ಸ್ವೀಡನ್ನಿನ ಆಸ್ಕರ್ಸ್‌ಹಾಮ್ನ್ ಅಣುಸ್ಥಾವರದಲ್ಲಿ ಯಂತ್ರ ತಂಪಾಗಿಸುವ ನೀರಿನ ಪೈಪಿಗೆ ಜೆಲ್ಲಿ ಮೀನು ತುಂಬಿ ಒಂದು ರಿಯಾಕ್ಟರನ್ನೇ ನಿಲ್ಲಿಸಿದ್ದರಂತೆ. ಕಡಲಲ್ಲಿ ನಿಲ್ಲಿಸಿದ ಗ್ಯಾಸ್ ಪ್ಲಾಟ್‌ಫಾರ್ಮ್, ಗಾಳಿಯಂತ್ರಗಳಿಂದ ಇವು ಹರಡುತ್ತವೆ ಎಂದೂ ಓದಿದೆ. ತೇಲಾಡುವ ಪ್ರಾಣಿಗೂ ಕಂಬಕ್ಕೂ ಏನು ಸಂಬಂಧ?

ಉತ್ತರ (ಕಡಲ ಜೀವಿಗಳ ಸಂಶೋಧಕ): ನಮ್ಮ ಕಣ್ಣಿಗೆ ಬೀಳುವುದು ಅದರ ಅರ್ಧ ಬದುಕು ಮಾತ್ರ. ಆಸ್ಕರ್ಸ್‌ಹಾಮ್ನ್‌ನಲ್ಲಿ ಬಂದದ್ದು ಚಂದ್ರ ಜೆಲ್ಲಿ ಎಂಬ ಜಾತಿ. ಅದರ ಲಾರ್ವಾ, ಅಂದರೆ ಮೊಟ್ಟೆಯಿಂದ ಬಂದ ಮೊದಲ ರೂಪ, ಕೆಲವು ದಿನ ಈಜಿ, ಗಟ್ಟಿಯಾದ ಜಾಗ ಹುಡುಕಿ ಅಂಟಿಕೊಳ್ಳಬೇಕು. ಕೆಳಗೆ ಬರೀ ಕೆಸರಿದ್ದರೆ ಅಲ್ಲಿಗೆ ಮುಗಿಯಿತು. ಜಾಗ ಸಿಕ್ಕರೆ ಪಾಲಿಪ್ ಆಗುತ್ತದೆ, ಅಂದರೆ ಒಂದೇ ಕಡೆ ಅಂಟಿಕೊಂಡು ಬದುಕುವ ಪುಟ್ಟ ರೂಪ.

ಈ ಪಾಲಿಪ್ ಕಾಣಬೇಕೆಂದರೆ ಮುಳುಗುಗಾರರು ಟಾರ್ಚ್ ಹಿಡಿದು ಪ್ಲಾಟ್‌ಫಾರ್ಮಿನ ಉಕ್ಕಿನ ಅಡ್ಡಪಟ್ಟಿಯ ಅಡಿಭಾಗ ನೋಡಬೇಕು. ಮೇಲ್ಭಾಗದಲ್ಲಿ ಹುಡುಕಿದರೆ ಸಿಗುವುದು ಕಡಿಮೆ, ಇವಕ್ಕೆ ನೆರಳು ಇಷ್ಟ. ಎರಡು ಮೂರು ಮಿಲಿಮೀಟರ್ ಉದ್ದದ ಬಿಳಿ ಬಟ್ಟಲುಗಳು ತಲೆಕೆಳಗಾಗಿ ಜೋತಾಡುತ್ತಿರುತ್ತವೆ. ಸುಮ್ನೆ ಮೊಗ್ಗೊಡೆದು ಒಂದು ಹತ್ತಾಗುತ್ತವೆ, ವರ್ಷಗಟ್ಟಲೆ ಬದುಕುತ್ತವೆ. ಚಳಿಗಾಲ ಬಂದಾಗ ಮೈ ತಟ್ಟೆ ಜೋಡಿಸಿಟ್ಟ ಹಾಗೆ ಪದರ ಪದರವಾಗುತ್ತದೆ. ತುದಿಯ ತಟ್ಟೆ ಮಿಡಿಯತೊಡಗುತ್ತದೆ, ಕಳಚಿಕೊಂಡು ಹೊರಡುತ್ತದೆ. ಅದೇ ಮರಿ ಜೆಲ್ಲಿ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಈಗ ಇಟಲಿಯ ಪೂರ್ವಕ್ಕಿರುವ, ಕೆಸರು ತಳದ ಉತ್ತರ ಏಡ್ರಿಯಾಟಿಕ್ ಸಮುದ್ರ ನೆನೆಸಿಕೊಳ್ಳಿ. ದಡದಿಂದ ದೂರ, ಗಟ್ಟಿ ನೆಲೆಯೇ ಇಲ್ಲದ ಕಡೆ ಗ್ಯಾಸ್ ಪ್ಲಾಟ್‌ಫಾರ್ಮ್‌ಗಳು ಎದ್ದಿವೆ. ಅಲ್ಲಿಂದ ಹೊರಟ ಮರಿಗಳನ್ನು ಪ್ರವಾಹ ಎಲ್ಲಿಗೆ ಒಯ್ಯುತ್ತದೆ ಎಂದು 2017ರ ಒಂದು ಅಧ್ಯಯನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿತು. ಬಂದರು, ಕಟ್ಟೆಗಳಿಂದ ಹೊರಟ ಮರಿಗಳಿಗೆ ಹೋಲಿಸಿದರೆ ಇವು ಹರಡುವ ವ್ಯಾಪ್ತಿ ದೊಡ್ಡದು. ಹೊಳೆ ದಾಟಲು ನಡುವೆ ಕಲ್ಲು ಹಾಕಿಕೊಟ್ಟಂತೆ ಆಯಿತು, ಅಲ್ವಾ? ಹಾಗಾಗಿ ಎಷ್ಟು ಕಂಬ ಎನ್ನುವುದಕ್ಕಿಂತ ಯಾವ ಪ್ರವಾಹದ ದಾರಿಯಲ್ಲಿ ನಿಲ್ಲಿಸಿದ್ದೇವೆ ಎನ್ನುವುದನ್ನು ನಾನು ಮೊದಲು ಕೇಳುತ್ತೇನೆ.

ಪ್ರಶ್ನೆ: ಹಾಗಾದರೆ ಎಲ್ಲ ಜೆಲ್ಲಿ ಮೀನಿಗೂ ಇದೇ ಕಾರಣವೇ?

ಉತ್ತರ: ಇಲ್ಲ. ಮೆಡಿಟರೇನಿಯನ್‌ನಲ್ಲಿ ಈಜುವವರನ್ನು ಕುಟುಕುವ ಪೆಲೇಜಿಯಾ ಎಂಬ ನೇರಳೆ ಜೆಲ್ಲಿಗೆ ಪಾಲಿಪ್ ಹಂತವೇ ಇಲ್ಲ. ಅದಕ್ಕೆ ಕಂಬ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಚಂದ್ರ ಜೆಲ್ಲಿಗೂ ಆಹಾರ, ನೀರಿನ ಬಿಸಿ ಕೂಡಿ ಬರಬೇಕು.

ಪ್ರಶ್ನೆ: ಕಂಬಗಳನ್ನು ಕೆರೆದು ತೆಗೆದರೆ ಆಗುವುದಿಲ್ಲವೇ ಸರ್?

ಉತ್ತರ: ಸಮಯ ನೋಡಿ ಕೆರೆಯಬೇಕು. ಕಪ್ಪೆಚಿಪ್ಪು ಒತ್ತಾಗಿ ಬೆಳೆದ ಕಡೆ ಪಾಲಿಪ್‌ಗೆ ಜಾಗಕ್ಕಾಗಿ ಪೈಪೋಟಿ. ನೀರಿನಲ್ಲಿ ಲಾರ್ವಾ ತುಂಬಿರುವಾಗ ಆ ಚಿಪ್ಪನ್ನೆಲ್ಲ ಕೆರೆದುಹಾಕಿದರೆ ಖಾಲಿ ನೆಲವನ್ನು ನಾವೇ ಕೊಟ್ಟಂತಾಗುತ್ತದೆ.