ಸ್ಯಾಟರ್ನೈನ್ ಮೋರೆಗೆ ಕನ್ನಡದಲ್ಲಿ ಏನನ್ನೋಣ?

ಸಕಲೇಶಪುರದ ಗೆಳೆಯರೊಬ್ಬರು ಇಂಗ್ಲಿಷ್ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದಾರೆ. ಅದರಲ್ಲಿ ಒಬ್ಬನ ಮುಖ 'ಸ್ಯಾಟರ್ನೈನ್' ಅಂತಿದೆಯಂತೆ. "ಸ್ಯಾಟರ್ನ್ ಅಂದ್ರೆ ಶನಿ ಅಲ್ವಾ, ಸುಮ್ನೆ ಶನಿ ಮೋರೆ ಅಂತ ಬರೆದುಬಿಡ್ಲಾ?" ಅಂದರು. ಬೇಡ ಅಂದೆ.

ಮೂಲವೇನೋ ಶನಿಯೇ. ಹಳೇ ಕಾಲದ ಯುರೋಪಿನವರಿಗೆ ಗೊತ್ತಿದ್ದ ಗ್ರಹಗಳಲ್ಲಿ ಅದೇ ಎಲ್ಲಕ್ಕಿಂತ ದೂರದ್ದು, ನಿಧಾನದ್ದು. ಸೂರ್ಯನ ಸುತ್ತ ಒಂದು ಸುತ್ತಿಗೆ ಸುಮಾರು 29.5 ವರ್ಷ ಬೇಕು. ಅದರ ಪ್ರಭಾವದಲ್ಲಿ ಹುಟ್ಟಿದವರು ತಣ್ಣಗೆ, ಜಡವಾಗಿ, ನಗೆಯಿಲ್ಲದೆ ಇರುತ್ತಾರೆ ಅಂತ ಅಲ್ಲಿನ ಜ್ಯೋತಿಷಿಗಳ ನಂಬಿಕೆ. ಗುರುವಿನ ಪಾಲಿನವರು 'ಜೋವಿಯಲ್', ಅಂದ್ರೆ ನಗುನಗುತ್ತಾ ಇರುವವರು. ಬುಧನ ಪಾಲಿನವರು 'ಮರ್ಕ್ಯುರಿಯಲ್', ಅಂದ್ರೆ ಗಳಿಗೆಗೊಂದು ಥರ ಇರುವವರು. ಕೀಳು ಲೋಹವನ್ನು ಚಿನ್ನ ಮಾಡಲು ಹೊರಟಿದ್ದ ರಸವಾದಿಗಳು ಸೀಸವನ್ನೂ ಶನಿಯ ಲೆಕ್ಕಕ್ಕೇ ಬರೆದಿದ್ದರು. ಸೀಸದ ವಿಷಬಾಧೆಗೆ 'ಸ್ಯಾಟರ್ನಿಸಂ' ಅನ್ನುವ ಹೆಸರು ಬಂದಿದ್ದು ಹಾಗೆ. ನಮ್ಮ ಶನೈಶ್ಚರನೂ ಮೆಲ್ಲಗೆ ನಡೆಯುವವನೇ, ಪಂಚಾಂಗದಲ್ಲಿ ಶನಿವಾರ 'ಮಂದವಾಸರ'.

ಅಲ್ಲಿಂದಾಚೆ ದಾರಿ ಬೇರೆ. ನಮ್ಮಲ್ಲಿ ಶನಿ ಅಂದ್ರೆ ಕಾಟ. "ಬೆಳಬೆಳಗ್ಗೆ ವಕ್ಕರಿಸ್ತು ನೋಡು ಶನಿ" ಅಂತ ಬೈಯುತ್ತೇವೆ. ಬೈಸಿಕೊಂಡವನು ಹಲ್ಲು ಕಿರಿಯುತ್ತಲೇ ಬಂದಿರಬಹುದು! ಸ್ಯಾಟರ್ನೈನ್‌ನಲ್ಲಿ ಆ ಬೈಗುಳ ಇಲ್ಲ.

ಆಷಾಢದ ಜಡಿಮಳೆಗೆ ಮಧ್ಯಾಹ್ನವೇ ಲೈಟು ಹಾಕಬೇಕಾದ ಮನೆಗೆ 'ಗ್ಲೂಮಿ' ಸಾಕು. ಸೋತು ಬಂದವನ ಹ್ಯಾಪು ಮೋರೆಗೆ 'ಗ್ಲಮ್', ಮುನಿಸಿಕೊಂಡು ಊದಿದ ಮುಖಕ್ಕೆ 'ಸಲ್ಲನ್'. ಅವೆಲ್ಲ ಸಂಜೆ ಹೊತ್ತಿಗೆ ಸರಿಹೋಗಬಹುದು. ಸ್ಯಾಟರ್ನೈನ್ ಮನುಷ್ಯ ಇರುವುದೇ ಹಾಗೆ. ಬಟವಾಡೆ ದಿನ ಕಾಫಿ ತೋಟದ ಲೆಕ್ಕ ಬರೆಯುವ ರೈಟರು ಮೇಜಿನ ಹಿಂದೆ ಕೂತಿರುವುದನ್ನು ನೆನೆಸಿಕೊಳ್ಳಿ. ಸಾಲಿನಲ್ಲಿ ನಿಂತ ಆಳುಗಳು ಏನೋ ತಮಾಷೆ ಮಾಡಿ ಬಿದ್ದು ಬಿದ್ದು ನಗುತ್ತಿದ್ದಾರೆ. ಇವರ ತುಟಿ ಅಲ್ಲಾಡುವುದಿಲ್ಲ. ಸಿಟ್ಟಲ್ಲ, ದುಃಖವೂ ಅಲ್ಲ. ನೋಟು ಎರಡು ಸಲ ಎಣಿಸಿ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು, "ಮುಂದೆ" ಅನ್ನುತ್ತಾರೆ. ಅಂಥ ಮುಖ.

'ಗುಮ್ಮನಗುಸುಕ' ಹತ್ತಿರ ಬರುತ್ತದೆ, ಆದರೆ ಅದರೊಳಗೆ ಏನೋ ಮಸಲತ್ತಿನ ವಾಸನೆ. 'ಮಂಕು' ಅಂದ್ರೆ ಬುದ್ಧಿ ಕಮ್ಮಿ ಅಂದ ಹಾಗಾಗುತ್ತದೆ. ಸದ್ಯಕ್ಕೆ 'ನಗು ಸುಳಿಯದ ಬಿಗಿ ಮೋರೆ' ಅಂತ ಬರೆಯಿರಿ ಅಂದಿದ್ದೇನೆ. ಮುಖಕ್ಕೇನೋ ಆಯಿತು, ಸ್ವಭಾವಕ್ಕೆ ಇನ್ನೂ ಒಂದು ಪದ ಬೇಕು. ಕಡೂರು, ಅರಸೀಕೆರೆ ಕಡೆಯವರು ಇಂಥವರನ್ನ ಏನಂತ ಕರೆಯುತ್ತೀರಿ?