ಅಪ್‌ಡೇಟ್: ರಜೆಯ ಓದು, ಚೌಕಾಬಾರ ಮತ್ತು ಅಡಿಕೆ ಮಂಡಿ

ಕನ್ನಡ ಎಂ.ಎ. ರಜೆಯಲ್ಲಿ ಕುವೆಂಪು ಅವರ ಯಾವ ಕಾದಂಬರಿ ಮೊದಲು ಓದಲಿ ಅಂತ ಕೇಳಿದ್ದೆ. ಹೆಚ್ಚಿನವರು 1936ರ ‘ಕಾನೂರು ಹೆಗ್ಗಡಿತಿ’ ಎಂದಿರಿ. ನಾನು 1967ರ ‘ಮಲೆಗಳಲ್ಲಿ ಮದುಮಗಳು’ ಹಿಡಿದೆ. ಪಾತ್ರಗಳು ಎಷ್ಟೆಂದರೆ, ಯಾರು ಯಾರ ಮನೆಯವರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಅದರಲ್ಲಿ ಬರುವ ಗುತ್ತಿಯಷ್ಟೇ ಅವನ ನಾಯಿ ಹುಲಿಯನೂ ಮುಖ್ಯ, ಅಲ್ವಾ? ನನಗಂತೂ ಹುಲಿಯನೇ ಇಷ್ಟ.

ತೀರ್ಥಹಳ್ಳಿಯಲ್ಲಿ ಮಳೆ ಜಾಸ್ತಿ. ಕರೆಂಟ್ ಹೋದರೆ ಅಜ್ಜಿ ಜೊತೆ ಚೌಕಾಬಾರ. ಅವರ ಕವಡೆ ಹಾಕುವ ಕೈ ಮೇಲೆ ನನಗೆ ಅನುಮಾನವಿದೆ.

ಮೇಷ್ಟ್ರಾಗದಿದ್ದರೆ ಏನು ಅಂತಲೂ ಕೇಳಿದ್ದೆನಲ್ಲ? ಸಕ್ರೆಬೈಲಿನ ಆನೆ ಬಿಡಾರದಲ್ಲಿ ಮಾವುತ, ಇಲ್ಲವೇ ಶಿವಮೊಗ್ಗದ ಅಡಿಕೆ ಮಂಡಿ. ಮಾವನಿಗೆ ಹೇಳಿದೆ. “ಮೊದಲು ಅಡಿಕೆಯಲ್ಲಿ ರಾಶಿ ಯಾವುದು, ಗೊರಬಲು ಯಾವುದು ಅಂತ ಬಗೆ ಗುರುತಿಸು ಮಾರಾಯ” ಎಂದರು.